ಗೋಪುರಕ್ಕಿಂತ ಮೊದಲು ತೂಬು: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮ್ಮ ಊರಿನ ಗುಡ್ಡದ ಮೇಲೆ ವೀಕ್ಷಣಾ ಗೋಪುರ ಕಟ್ಟಿಸಲು ಹೊರಟಿದ್ದೀರಿ. ಅಷ್ಟೆತ್ತರ ಹತ್ತಿದವರಿಗೆ ಕಾಣುವುದೇನು? ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆ, ಅದರಲ್ಲಿ ಬಗ್ಗಿ ನಾಟಿ ಮಾಡುವ ನಾವು. ಅವರಿಗೆ ಅದು ನೋಟ, ನಮಗೆ ಸೊಂಟನೋವು. ಬರುವವರ ಮೇಲೆ ನನಗೆ ಮುನಿಸಿಲ್ಲ. ಫೋಟೊಕ್ಕೆ ನಿಲ್ಲುವಾಗ ಬದುವಿನ ಅಂಚು ಕುಸಿಯದಂತೆ ನೋಡಿಕೊಂಡರೆ ಸಾಕು.

ಆದರೆ ಈ ಹಸಿರು ತಾನಾಗಿ ನಿಂತಿರುವುದಲ್ಲ. ಮೇಲಿನ ಗದ್ದೆ ತುಂಬಿದ ಮೇಲೆ ನೀರು ಕೆಳಗಿನದಕ್ಕೆ ಇಳಿಯುತ್ತದೆ. ಮೇಲಿನವನು ಸಾಗುವಳಿ ಬಿಟ್ಟು ಊರು ತೊರೆದರೆ ಏಡಿ, ಹೆಗ್ಗಣಗಳು ಬದುವಿನಲ್ಲಿ ಬಿಲ ತೋಡುತ್ತವೆ. ಮುಚ್ಚುವವರಿಲ್ಲ. ಒಂದು ದೊಡ್ಡ ಮಳೆಗೆ ಬದು ಒಡೆದು ಕೆಳಗಿನವನ ಪೈರಿನ ಮೇಲೆ ಮಣ್ಣು ಕೂರುತ್ತದೆ. ಒಬ್ಬ ಬಿಟ್ಟ ಗದ್ದೆ ಮೂವರನ್ನು ಹಾಳು ಮಾಡುತ್ತದೆ.

ಫಿಲಿಪ್ಪೀನ್ಸಿನ ಕಾರ್ಡಿಲೆರಾ ಬೆಟ್ಟಗಳ ಭತ್ತದ ಗದ್ದೆಗಳು 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 2001ರಲ್ಲಿ ಅವೇ ಗದ್ದೆಗಳು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿದವು. ನೋಡುವವರಿಲ್ಲದೆ ಅಲ್ಲ; ಹುಡುಗರು ಊರು ಬಿಟ್ಟು, ಕಾಲುವೆ, ಬದು ಸರಿಪಡಿಸಲು ಕೈಗಳು ಸಾಲದೆ. ಆ ಪಟ್ಟಿಯಿಂದ ಹೊರಬರಲು 2012ರವರೆಗೆ ಕಾಯಬೇಕಾಯಿತು. ಇಟಲಿಯವರು 1985ರಲ್ಲಿಯೇ ಕೃಷಿ ಪ್ರವಾಸೋದ್ಯಮಕ್ಕೊಂದು ಕಾನೂನು ಮಾಡಿದರು: ಅತಿಥಿಗಳನ್ನು ಇರಿಸಿಕೊಳ್ಳುವವನು ರೈತನಾಗಿರಬೇಕು, ಬೇಸಾಯವೇ ಅವನ ಮುಖ್ಯ ಕಸುಬಾಗಿ ಉಳಿಯಬೇಕು. ನಿಮ್ಮ ಯೋಜನೆಯಲ್ಲಿ ರೈತ ಎಲ್ಲಿದ್ದಾನೆಂದು ಹುಡುಕಿದೆ. ಮುಖಪುಟದ ಚಿತ್ರದಲ್ಲಿದ್ದಾನೆ, ಬೆನ್ನು ತಿರುಗಿಸಿಕೊಂಡು.

ಗೋಪುರಕ್ಕೆ ರಾತ್ರಿಯಿಡೀ ಬಣ್ಣದ ದೀಪ ಬೇರೆಯಂತೆ. ಸ್ವಾಮಿ, ಪಟ್ಟಣದಲ್ಲಿ ಸಿಗದಂಥದ್ದು ನಮ್ಮಲ್ಲಿ ಏನಾದರೂ ಇದ್ದರೆ ಅದು ಕತ್ತಲು. ಅಮಾವಾಸ್ಯೆಯ ಆಸುಪಾಸು ಮೋಡವಿಲ್ಲದ ರಾತ್ರಿ ಕಣದಲ್ಲಿ ಮಲಗಿದರೆ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ. ಮಿಂಚುಹುಳುಗಳು ಒಂದನ್ನೊಂದು ಕರೆಯುವುದು ಮಿಣುಕು ಬೆಳಕಿನಲ್ಲೇ; ನಿಮ್ಮ ದೀಪದ ಎದುರು ಆ ಕರೆ ಯಾರಿಗೂ ಕಾಣದು. ಇರುವ ಆಕರ್ಷಣೆಯನ್ನು ಅಳಿಸಲು ಹಣ ಖರ್ಚು ಮಾಡುವುದು ಯಾವ ಲೆಕ್ಕ?

ನನ್ನ ಪಕ್ಕದ ಗದ್ದೆಯವರು ಹೋದ ವರ್ಷ ಮನೆಗೆ ಬೀಗ ಹಾಕಿದರು. ಸಾಲಕ್ಕೆ ಹೆದರಿ ಅಲ್ಲ. ಮಗಳು ಪ್ರೌಢಶಾಲೆಗೆ ಸೇರಿದಳು. ಸಂಜೆಯ ಬಸ್ಸು ಗುಡ್ಡದ ಬುಡದಲ್ಲೇ ತಿರುಗಿ ಹೋಗುತ್ತದೆ, ಅಲ್ಲಿಂದ ಮುಂದೆ ಕಾಡುದಾರಿ. ಅವರ ಬದುವನ್ನು ಈಗ ನಾನೇ ಕಟ್ಟುತ್ತಿದ್ದೇನೆ. ನನಗೂ ವಯಸ್ಸಾಯಿತು. ಗೋಪುರದ ಹಣದಲ್ಲಿ ಆ ದಾರಿಯನ್ನು ಬಸ್ಸು ಹತ್ತುವಂತೆ ಮಾಡಿಸಿ. ಪ್ರವಾಸಿಗರೂ ಅದರಲ್ಲೇ ಬರಲಿ.

ಇನ್ನೊಂದು ಮಾತು. ಗೋಪುರಕ್ಕೆ ಸುಣ್ಣದಲ್ಲಿ ಗುರುತು ಹಾಕಿದ ಜಾಗದ ಪಕ್ಕದಲ್ಲೇ ನಮ್ಮ ಕೆರೆಯ ತೂಬು ಒಡೆದಿದೆ. ಅಳತೆಗೆ ಬಂದ ಎಂಜಿನಿಯರ್ ಪ್ಯಾಂಟು ಮಡಚಿಕೊಂಡು ಆ ನೀರನ್ನು ದಾಟಿಯೇ ಹೋದರು. ಅವರನ್ನು ಇನ್ನೊಮ್ಮೆ ಕಳುಹಿಸಿ. ಈ ಸಲ ತೂಬನ್ನು ಅಳೆಯಲಿ.

ಇತಿ,
ನಿಮ್ಮ ಚಿತ್ರದಲ್ಲಿ ಬೆನ್ನು ತಿರುಗಿಸಿ ನಿಂತಿರುವವನು