ನ್ಯಾಷನಲ್ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮನವಿ

ಆತ್ಮೀಯರೇ, ನಮಸ್ಕಾರ.

1935ರಲ್ಲಿ ಗೌರಿಬಿದನೂರು ಕಡೆಯ ಹೊಸೂರಿನಿಂದ ಒಬ್ಬ ಹುಡುಗ ಬೆಂಗಳೂರಿಗೆ ನಡೆದೇ ಬಂದ. ಎಂಬತ್ತು ಕಿಲೋಮೀಟರಿಗೂ ಜಾಸ್ತಿ ದಾರಿ. ರೈಲಿಗೆ ಕೊಡಲು ದುಡ್ಡಿರಲಿಲ್ಲ. ಊರಲ್ಲಿ ಪಾಠ ಹೇಳಿದ್ದ ಎಂ.ಎಸ್. ನಾರಾಯಣರಾಯರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. ಮೇಷ್ಟ್ರು ಇದ್ದಾರಲ್ಲ ಅನ್ನುವ ಧೈರ್ಯವೊಂದೇ ಅವನಿಗಿದ್ದದ್ದು. ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ, ಅವರ ಹಿಂದಿ ಭಾಷಣವನ್ನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿದ್ದು ಇದೇ ಹುಡುಗ. ಅವರೇ ನಮ್ಮ ಎಚ್. ನರಸಿಂಹಯ್ಯ, ಎಲ್ಲರ ಪ್ರೀತಿಯ ಎಚ್ಚೆನ್.

ಮುಂದೆ ಅವರು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ವಾಸ ಮಾತ್ರ ಹಾಸ್ಟೆಲಿನ ಕೋಣೆಯಲ್ಲೇ. ಓದಲು ಬೆಂಗಳೂರಿಗೇ ಬರಬೇಕಾದ ಕಷ್ಟ ತಮ್ಮ ಸೀಮೆಯ ಮಕ್ಕಳಿಗೆ ತಪ್ಪಲಿ ಅಂತ ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ಕಾಲೇಜು ಕಟ್ಟಿದರು.

ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಶುರುವಾದ ಶಾಲೆ ನಮ್ಮದು. ಅದರ ಹೆಸರು ಹೇಳಿದರೆ ಜನ ರಿಸಲ್ಟ್, ರ‍್ಯಾಂಕುಗಳ ಮಾತಾಡುತ್ತಾರೆ. ನಮಗೆ ಮಾತ್ರ ಹೊಸೂರಿನ ಆ ಹುಡುಗನಿಗೆ ಬೆಂಚಿನಲ್ಲಿ ಜಾಗ ಸಿಕ್ಕಿತಲ್ಲ, ಅದೇ ದೊಡ್ಡದು. ಶಾಲೆಯ ನಿಜವಾದ ಹೆಸರು ಅಲ್ಲಿದೆ.

ಅಂಥ ಮಕ್ಕಳು ಈಗಲೂ ಇದ್ದಾರೆ. ಗುಟ್ಟಹಳ್ಳಿ, ಶ್ರೀನಗರದ ಕಡೆ ಬೆಳಗ್ಗೆ ಐದಕ್ಕೆ ಪೇಪರ್ ಹಾಕಿ, ಆಮೇಲೆ ಶಾಲೆಗೆ ಹೊರಡುವ ಹುಡುಗರನ್ನು ನೀವೂ ನೋಡಿರುತ್ತೀರಿ. ಒಬ್ಬ ಹುಡುಗನ ಯೂನಿಫಾರ್ಮ್ ಪ್ಯಾಂಟಿನಲ್ಲಿ ಮಂಡಿಯ ಕೆಳಗೆ ಎರಡು ಗೆರೆ. ಎರಡು ವರ್ಷ ಅಂಚು ಬಿಚ್ಚಿ ಉದ್ದ ಮಾಡಿದ ಗುರುತು. ಇನ್ನು ಬಿಚ್ಚಲು ಬಟ್ಟೆ ಉಳಿದಿಲ್ಲ.

ಅದಕ್ಕೇ ಕೆಲವು ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ನಿಧಿ ಮಾಡುತ್ತಿದ್ದೇವೆ. ಇದು ಶಾಲೆಯ ಆಡಳಿತದವರ ಮನವಿಯಲ್ಲ, ನಮ್ಮ ಮನವಿ. ಬಸವನಗುಡಿ ಸುತ್ತಮುತ್ತ ಹೈಸ್ಕೂಲು ಓದುವ, ಮನೆಯಲ್ಲಿ ಕಷ್ಟವಿರುವ ಮಕ್ಕಳ ಫೀಸು, ಯೂನಿಫಾರ್ಮ್, ಷೂ, ನೋಟ್‌ಬುಕ್, ಬಸ್ ಪಾಸ್, ಎಸ್ಸೆಸ್ಸೆಲ್ಸಿ ಪರೀಕ್ಷೆ ಶುಲ್ಕ, ಇಷ್ಟಕ್ಕೇ ಈ ಹಣ. ಕಟ್ಟಡಕ್ಕಲ್ಲ, ಸಮಾರಂಭಕ್ಕಲ್ಲ, ಹಾರ ತುರಾಯಿಗೂ ಅಲ್ಲ. ಯಾವ ಮಗುವನ್ನೂ ವೇದಿಕೆ ಹತ್ತಿಸಿ ಫೋಟೋ ತೆಗೆಸುವುದಿಲ್ಲ.

ನೂರು ರೂಪಾಯಿ ಕೊಟ್ಟರೂ ಸಂತೋಷ. ಒಂದು ಮಗುವಿನ ಇಡೀ ವರ್ಷದ ಖರ್ಚು ಹೊರುತ್ತೇನೆ ಅಂದರೆ ಇನ್ನೂ ಸಂತೋಷ. ಯುಪಿಐ, ಚೆಕ್ಕು, ನಗದು ಯಾವುದಾದರೂ ಆಗಬಹುದು. ಎಲ್ಲಕ್ಕೂ ರಸೀದಿ ಕೊಡುತ್ತೇವೆ, ವರ್ಷದ ಕೊನೆಗೆ ಖರ್ಚಿನ ಲೆಕ್ಕ ಕಳಿಸುತ್ತೇವೆ. ಹೆಸರು ಬೇಡ ಅಂದವರ ಹೆಸರು ಎಲ್ಲೂ ಹಾಕುವುದಿಲ್ಲ.

ದಯವಿಟ್ಟು ಮೇ ತಿಂಗಳೊಳಗೆ ಕಳಿಸಿಕೊಡಿ. ಶಾಲೆ ಶುರುವಾಗುವ ಮುಂಚೆ ಬಟ್ಟೆ ಹೊಲಿಸಬೇಕು.