ನಿನ್ನ ಸಹಿಯ ಭಯ

ಮಂಡ್ಯ

ಮಗಳೇ,

ನಿನ್ನ ಪತ್ರ ಬಂತು. ಮನೆ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ‘ನನ್ನ ರಿಪೋರ್ಟ್ ನಂಬಿಕೊಂಡು ಏನೂ ಮಾಡದವರನ್ನ ಜೈಲಿಗೆ ಹಾಕಿಬಿಟ್ಟರೆ ಏನು ಗತಿ ದೊಡ್ಡಪ್ಪ’ ಅಂತ ಕೊನೆಯಲ್ಲಿ ಬರೆದಿದ್ದೀಯಲ್ಲ, ಆ ಸಾಲು ನನ್ನನ್ನ ಬಿಡುತ್ತಿಲ್ಲ. ಲ್ಯಾಬಿನಲ್ಲಿ ವಿಷ ಪರೀಕ್ಷೆ ಮಾಡಿ, ಕೋರ್ಟಿಗೆ ಹೋಗುವ ರಿಪೋರ್ಟಿಗೆ ಸಹಿ ಹಾಕುವ ಕೆಲಸ ನಿನ್ನದು.

ಸುಮ್ನೆ ಹೆದರಬೇಡ ಅಂತ ಹೇಳಲಾರೆ. 1859ರಲ್ಲಿ ಇಂಗ್ಲೆಂಡಿನಲ್ಲಿ ಹಾಗೇ ಆಗಿತ್ತು. ಸ್ಮೆಥರ್ಸ್ಟ್ ಅನ್ನುವ ಡಾಕ್ಟರ ಮೇಲೆ ಹೆಂಗಸೊಬ್ಬಳಿಗೆ ವಿಷ ಹಾಕಿದ ಆರೋಪ. ಪರೀಕ್ಷೆ ಮಾಡಿದವರು ಆಲ್ಫ್ರೆಡ್ ಸ್ವೇನ್ ಟೇಲರ್. ಆ ಕಾಲಕ್ಕೆ ಅಲ್ಲಿ ವಿಷದ ವಿಚಾರದಲ್ಲಿ ಅವರು ಹೇಳಿದ್ದೇ ಮಾತು. ಒಂದು ಬಾಟಲಿಯಲ್ಲಿ ಆರ್ಸೆನಿಕ್ ಅನ್ನುವ ವಿಷ ಇದೆ ಅಂದರು. ಆಮೇಲೆ ನೋಡಿದರೆ ಅದು ಬಂದದ್ದು ಅವರೇ ಬಳಸಿದ ತಾಮ್ರದ ಜಾಲರಿಯಿಂದ. ಬಾಟಲಿಯಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟಿನಿಂದ ತಾಮ್ರ ಕರಗಿ, ಅದರೊಳಗಿನ ಆರ್ಸೆನಿಕ್ ಈಚೆಗೆ ಬಂದಿತ್ತು. ಟೇಲರ್ ಕೋರ್ಟಿನಲ್ಲೇ ಅದನ್ನ ಒಪ್ಪಿಕೊಂಡರು. ಆದರೂ ಆ ಡಾಕ್ಟರಿಗೆ ಗಲ್ಲು ಶಿಕ್ಷೆ ಆಯಿತು. ಕೊನೆಗೆ ಸರ್ಕಾರ ಕ್ಷಮಾದಾನ ಕೊಟ್ಟಿತು. ಇದನ್ನ ಓದಿ ನಿನ್ನ ಭಯ ಇನ್ನೂ ಜಾಸ್ತಿ ಆದೀತೇನೋ. ಅಷ್ಟು ದೊಡ್ಡವರು ಎಲ್ಲರ ಮುಂದೆ ನಿಂತು ಒಪ್ಪಿಕೊಂಡರಲ್ಲ, ಅದಕ್ಕೇ ಬರೆದೆ.

ಸಾಕ್ಷಿ ಕೈ ಜಾರಿ ಹೋಗುವ ಭಯವೂ ಹಳೆಯದೇ. ಇಂಗ್ಲೆಂಡಿನ ಕೆಮಿಸ್ಟ್ ಜೇಮ್ಸ್ ಮಾರ್ಷ್ ಒಂದು ಕೇಸಿನಲ್ಲಿ ಕಾಫಿಯಲ್ಲಿ ಆರ್ಸೆನಿಕ್ ಇರುವುದನ್ನ ಕಂಡುಹಿಡಿದರು. ಜ್ಯೂರಿಯವರು ನೋಡುವಷ್ಟರಲ್ಲಿ ಪರೀಕ್ಷೆಯಲ್ಲಿ ಬಂದಿದ್ದ ಹಳದಿ ಗಸಿ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ, ಆಮೇಲೆ ತಾನೇ ಮಾಡಿದ್ದು ಅಂತ ಒಪ್ಪಿಕೊಂಡ. ಆ ಸಂಕಟ ತಡೆಯಲಾರದೆ ಮಾರ್ಷ್ 1836ರಲ್ಲಿ ಹೊಸ ಪರೀಕ್ಷೆ ತಂದರು. ಸ್ಯಾಂಪಲ್‌ಗೆ ಸತು, ಆಸಿಡ್ ಹಾಕಿ, ಬಂದ ಅನಿಲಕ್ಕೆ ಬೆಂಕಿ ಹಚ್ಚಿ, ಉರಿಗೆ ತಣ್ಣನೆಯ ಪಿಂಗಾಣಿ ಹಿಡಿದರೆ, ಆರ್ಸೆನಿಕ್ ಇದ್ದಾಗ ಕಪ್ಪಗೆ ಹೊಳೆಯುವ ಕಲೆ ಕೂರುತ್ತದೆ. ಆದರೆ ಸತುವಿನಲ್ಲೇ ಆರ್ಸೆನಿಕ್ ಇದ್ದರೂ ಅದೇ ಕಲೆ! ಮತ್ತೆ ನಿನ್ನ ಭಯಕ್ಕೇ ಬಂದೆ ನೋಡು.

ನನಗೂ ಈ ಕೆಲಸಕ್ಕೆ ಸೇರುವ ಆಸೆ ಇತ್ತು. ‘ಹೆಣದ ಕರುಳು ಕಲಸೋ ಕೆಲಸ ನಮ್ಮ ಮನೇಲಿ ಬೇಡ’ ಅಂದರು ನಮ್ಮಪ್ಪ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿಕೊಂಡು ಉಳಿದೆ. ಆ ಕೊರಗು ಇನ್ನೂ ಇದೆ ಕಣಮ್ಮ.

ಆಗ ನಮ್ಮೂರಲ್ಲಿ ಒಬ್ಬ ಇಡೀ ದಿನ ಬರಿಮೈಯಲ್ಲಿ ಭತ್ತಕ್ಕೆ ಔಷಧಿ ಹೊಡೆದು, ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಬಾಯಲ್ಲಿ ನೊರೆ. ಹೆಂಡತಿ ಅನ್ನಕ್ಕೆ ಹಾಕಿದಳು ಅಂತ ಊರೇ ಮಾತಾಡಿತು. ಆ ಜಾತಿ ಔಷಧಿ ಚರ್ಮದಿಂದಲೂ ಒಳಗೆ ಇಳಿಯುತ್ತೆ ಅಂತ ಯಾರು ಹೇಳಬೇಕು? ಪರೀಕ್ಷೆಗೆ ಕಳಿಸದೆ ಮಣ್ಣು ಮಾಡಿಬಿಟ್ಟರು. ಅವಳು ಆ ಹೆಸರು ಹೊತ್ತೇ ಬದುಕಿದಳು. ಯಾವ ಕೋರ್ಟೂ ಇಲ್ಲ, ಯಾರ ಸಹಿಯೂ ಇಲ್ಲ. ನೀನು ಸಹಿ ಹಾಕದಿದ್ದರೆ ಯಾರಿಗೂ ಅನ್ಯಾಯ ಆಗಲ್ಲ ಅಂದುಕೊಂಡಿದ್ದರೆ, ಅವಳನ್ನ ನೆನೆಸಿಕೋ.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೋಬೇಡ. ಪ್ಯಾರಿಸ್ಸಿನ ವಿಷತಜ್ಞ ಓರ್ಫಿಲಾ, ಹೆಂಡತಿ ಗಂಡನಿಗೆ ವಿಷ ಹಾಕಿದ ಆರೋಪದ 1840ರ ಲಾಫಾರ್ಜ್ ಕೇಸಿನಲ್ಲಿ ಹೆಣವನ್ನಷ್ಟೇ ಅಲ್ಲ, ಸಮಾಧಿಯ ಸುತ್ತಲಿನ ಮಣ್ಣನ್ನೂ ಪರೀಕ್ಷೆ ಮಾಡಿದರು. ವಿಷ ಮಣ್ಣಿನಿಂದ ಬಂದಿದ್ದರೆ ಅಂತ. ನೀನೂ ಕೆಮಿಕಲ್‌ನ ಹೊಸ ಬಾಟಲಿ ಒಡೆದಾಗಲೆಲ್ಲ ಮೊದಲು ಬ್ಲ್ಯಾಂಕ್ ಹಾಕು, ಅಂದರೆ ಸ್ಯಾಂಪಲ್ ಇಲ್ಲದೆ ಅದೇ ಪರೀಕ್ಷೆ ಒಂದು ಸಲ ಮಾಡಿ ನೋಡು. ‘ಇದೆ’ ಅಂತಷ್ಟೇ ಬರೆದು ಬಿಡಬೇಡ, ಎಷ್ಟಿದೆ ಅಂತ ಬರೆ. ಪ್ರಮಾಣವೇ ವಿಷ ಅಂತ ಆ ಹಳೆಯ ವೈದ್ಯ ಪ್ಯಾರಾಸೆಲ್ಸಸ್ 1538ರಲ್ಲೇ ಹೇಳಿದ್ದಾನಲ್ವಾ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಬರೆ, ಮೇಲಿನವರು ಮುಖ ಗಂಟಿಕ್ಕಿದರೂ ಸರಿ. ಊಟ ಬಿಟ್ಟು ಕೂರಬೇಡ.

ನಿನ್ನನ್ನ ಕಾಡುತ್ತಿರುವ ಕೇಸಿನ ಸ್ಯಾಂಪಲ್ ಇನ್ನೂ ನಿನ್ನ ಹತ್ತಿರವೇ ಇದ್ದರೆ, ಬೇರೆಯವರ ಕೈಯಲ್ಲಿ ಇನ್ನೊಂದು ಸಲ ಮಾಡಿಸು. ಕೇಸಿನ ವಿಷಯ ನನಗೆ ಹೇಳಬೇಡ. ಬ್ಲ್ಯಾಂಕ್ ಸರಿ ಬಂತಾ ಅಂತ ಮಾತ್ರ ಒಂದು ಸಾಲು ಬರೆದು ಹಾಕು.

ನಿನ್ನ ದೊಡ್ಡಪ್ಪ