ಹೋರಿ ಕಟ್ಟಿದ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಮೊಬೈಲಿಗೆ ಕಳಿಸಿದ ಹಳ್ಳಿಕಾರ್ ಹೋರಿಗಳ ಫೋಟೊ ನೋಡಿದೆ. ಕೊಂಬು, ಮುಖ, ನಿಲುವು ಎಲ್ಲ ಲಕ್ಷಣವಾಗಿವೆ. ಆದರೆ ನನ್ನ ಕಣ್ಣು ನಿಂತದ್ದು ಅವುಗಳ ಕಾಲಬಳಿಯ ಸಗಣಿಯ ಮೇಲೆ. ಬೂದು ಬಣ್ಣಕ್ಕೆ ತಿರುಗಿ ನೀರಾಗಿ ಹರಡಿದೆ. ನಡುವೆ ಮುಸುಕಿನ ಜೋಳದ ಕಾಳು ಇದ್ದ ಹಾಗೇ ಬಿದ್ದಿವೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಬರುವುದರೊಳಗೆ ಮೈ ತುಂಬಲಿ ಎಂದು ಜೋಳ ಏರಿಸಿದ್ದೀಯಂತೆ, ನಿನ್ನ ಅಮ್ಮ ಹೇಳಿದಳು. ಅದಕ್ಕೇ ಈ ಪತ್ರ.

ನಾವು ಹಾಕಿದ ಮೇವನ್ನು ಮೊದಲು ಉಣ್ಣುವುದು ದನದ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಹುಲ್ಲನ್ನು ಕರಗಿಸುವವೂ ಅವೇ. ಒಮ್ಮೆಲೇ ಕಾಳು ಸುರಿದರೆ ಒಳಗೆ ಹುಳಿ ಏರಿ ಅವು ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ಕೆಲವಕ್ಕೆ ಗೊರಸು ನೊಂದು ಕುಂಟು ಬರುತ್ತದೆ. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಒಂದು ರಾತ್ರಿ ಉಗ್ರಾಣದ ಬಾಗಿಲು ಹಾಕಲು ಮರೆತೆ. ಹಗ್ಗ ಬಿಚ್ಚಿಕೊಂಡ ಹೋರಿ ಅರ್ಧ ಚೀಲ ಜೋಳ ಮುಕ್ಕಿತು. ಬೆಳಗ್ಗೆ ನೋಡಿದರೆ ಎಡಪಕ್ಕೆ ಉಬ್ಬಿ, ಹಲ್ಲು ಕಡಿಯುತ್ತ ಮಲಗಿತ್ತು, ಮರುದಿನಕ್ಕೆ ಉಳಿಯಲಿಲ್ಲ. ಅದರ ಜೊತೆಯ ಹೋರಿ ವಾರವಿಡೀ ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಹಾಗೆಂದು ಬರೀ ರಾಗಿ ಹುಲ್ಲಿನಲ್ಲೇ ಬೆಳೆಸು ಎನ್ನುತ್ತಿಲ್ಲ. ರಾಗಿ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಒಟ್ಟು ಮೇವಿನಲ್ಲಿ ಪ್ರೋಟೀನ್ ಏಳು ಪಾಲಿಗಿಂತ ಇಳಿದರೆ ಆ ಸೂಕ್ಷ್ಮಜೀವಿಗಳೇ ಸೊರಗಿ, ತಿಂದ ಹುಲ್ಲೂ ಸರಿಯಾಗಿ ಕರಗುವುದಿಲ್ಲ. ಹೊಟ್ಟೆ ಡೊಳ್ಳಾಗಿ ಬೆನ್ನೆಲುಬು ಎದ್ದು ಕಾಣುವ ಕರುಗಳನ್ನು ನೀನೇ ನೋಡಿದ್ದೀಯೆ. ಬೆಳೆಯುವ ಹೋರಿಗೆ ಹತ್ತು ಹನ್ನೊಂದು ಪಾಲಾದರೂ ಬೇಕು.

ನಿನ್ನವು ತಲಾ 250 ಕಿಲೋ ಇರಬಹುದು. ಅಂಥದ್ದಕ್ಕೆ ನೀರಿನಂಶ ಬಿಟ್ಟು ದಿನಕ್ಕೆ ಆರು ಕಿಲೋದಷ್ಟು ಮೇವು ಹಿಡಿಯುತ್ತದೆ. ಮೂರೂವರೆ ಕಿಲೋ ರಾಗಿ ಹುಲ್ಲು, ಆರು ಕಿಲೋ ಹಸಿ ಅಲಸಂದೆ ಮೇವು, ಮುಕ್ಕಾಲು ಕಿಲೋ ಜೋಳದ ನುಚ್ಚು, ಅರ್ಧ ಕಿಲೋ ಗೋಧಿ ಬೂಸಾ, ಅರ್ಧ ಕಿಲೋ ಕಡಲೆಕಾಯಿ ಹಿಂಡಿ ಕೊಟ್ಟು ನೋಡು. ಜೊತೆಗೆ ಖನಿಜ ಮಿಶ್ರಣ, ಒಂದು ಚಿಟಿಕೆ ಉಪ್ಪು. ಹಸಿ ಮೇವು ಸಿಗದ ದಿನಗಳಿಗೆ ಒಣಗಿಸಿಟ್ಟ ಕುದುರೆ ಮೆಂತೆ ಸೊಪ್ಪು ಆದೀತು. ಹಿಂಡಿಯನ್ನು ಮಾತ್ರ ಮುರಿದು, ಮೂಸಿ ನೋಡಿ ಕೊಳ್ಳು. ಬೂಷ್ಟಿನ ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡ, ಅದು ಈಲಿಯನ್ನು, ಅಂದರೆ ಲಿವರನ್ನು, ತಿನ್ನುವ ವಿಷ.

ಬೆಳಗ್ಗೆ ಮೊದಲು ಹುಲ್ಲು, ಆಮೇಲೆ ಕಾಳು. ಕಾಳನ್ನೂ ಎರಡು ಹೊತ್ತಿಗೆ ಹಂಚು.

ಜಾತ್ರೆಯಲ್ಲಿ ಬಲ್ಲವರು ಕೊಬ್ಬು ನೋಡಿ ಬೆಲೆ ಕಟ್ಟುವುದಿಲ್ಲ. ಹೋರಿಯನ್ನು ನಡೆಸಿ, ತೊಡೆ ತಟ್ಟಿ, ಗೊರಸು ನೋಡುತ್ತಾರೆ. ಅವಸರ ಬೇಡ, ಮುಂದಿನ ವರ್ಷವೂ ಜಾತ್ರೆ ನಡೆಯುತ್ತದೆ.

ಈ ಪತ್ರ ಮುಟ್ಟಿದ ದಿನವೇ ಜೋಳ ನಿಲ್ಲಿಸಿ ಪಶುವೈದ್ಯರನ್ನು ಕರೆಸಿ ತೋರಿಸು. ಸಗಣಿ ಗಟ್ಟಿಯಾದ ಮೇಲೆ ಒಂದು ಹಿಡಿಯಿಂದ ಶುರುಮಾಡಿ ಎರಡು ವಾರದಲ್ಲಿ ನಿಧಾನಕ್ಕೆ ಮೇಲೆ ಹೇಳಿದ ಅಳತೆಗೆ ಏರಿಸು. ಭಾನುವಾರ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ನಮ್ಮ ಮೆದೆಯ ಹುಲ್ಲನ್ನೂ ಒಂದು ಗಾಡಿ ಹೇರಿಸಿ ಕಳಿಸುತ್ತಿದ್ದೇನೆ.

ಇಂತಿ ನಿನ್ನ
ಮಾವ